ತೋಡಿಯ ಗಾಂಧಾರವೂ ತಿರುಪುಗಳ ಪೆಟ್ಟಿಗೆಯೂ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಭಾನುವಾರ, ನಾನು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ನನ್ನ ಸೋದರಳಿಯ ಬಂದು ಎದುರಿಗೆ ಕುಳಿತನು. ಓದು ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದಿತು. ಸಂಬಳದಲ್ಲಿ ಉಳಿಸಿದ 90,000 ರೂಪಾಯಿ ಅವನಲ್ಲಿದ್ದಿತು. ಅಷ್ಟನ್ನೂ ಸುರಿದು ಒಂದು ಸಿಂಥಸೈಸರ್ ಕೊಳ್ಳಬೇಕೆಂಬುದು ಅವನ ಹಂಬಲ. ಅದಕ್ಕೆ ತಾಯಿಯ ಒಪ್ಪಿಗೆ ಕೊಡಿಸಬೇಕೆಂಬುದು ನನ್ನಲ್ಲಿ ಅವನ ಬಿನ್ನಹ.

ತಾಯಿಯೆಂದರೆ ನನ್ನ ಅಕ್ಕ. ಬಾಲ್ಯದಿಂದ ವೀಣೆ ನುಡಿಸುತ್ತ ಬಂದವಳು. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಅಂಗಡಿಯವನ ಮಾತಿಗೆ ಮರುಳಾಗಿ ನಾವೆಲ್ಲ ಸೇರಿ ಕೊಡಿಸಿದ ಕೀಬೋರ್ಡೊಂದು ಇಂದಿಗೂ ಅವರ ಮನೆಯ ಅಟ್ಟದ ಮೇಲೆ ಹಳೆಯ ಸೀರೆ ಹೊದ್ದು ಮಲಗಿದೆ. ಸಾಧನವನ್ನು ಕೊಂಡರೆ ಸಾಧನೆ ತಾನಾಗಿಯೇ ಬರುವುದೆಂಬ ಭ್ರಮೆಗೆ ನಾವು ತೆತ್ತ ದಂಡವದು. ಆದುದರಿಂದ ಅಕ್ಕ ನನ್ನ ಮಾತನ್ನು ಪೂರ್ತಿ ಕೇಳಲೇ ಇಲ್ಲ.

“ನೀನೂ ಅವನ ಜೊತೆ ಸೇರಿಕೊಂಡೆಯೇನೋ? ಆ ಪೆಟ್ಟಿಗೆ ತೋಡಿಯ ಗಾಂಧಾರ ನುಡಿಸಿ ತೋರಿಸಲಿ, ಆಮೇಲೆ ಮಾತು. ಆಗದಿದ್ದರೆ ಆ ದುಡ್ಡಿನಲ್ಲಿ ನನ್ನ ವೀಣೆಯ ಮೆಟ್ಟಿಲುಗಳಿಗೆ ಹೊಸ ಮೇಣ ಹಾಕಿಸಲಿ” ಎಂದಳು.

ಬಲ್ಲವರಿಗೆ ಈ ಪಂತದ ಬಿಗಿ ತಿಳಿದೀತು. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ. ಅತ್ತ ರಿಷಭ, ಇತ್ತ ಮಧ್ಯಮ, ಈ ಎರಡರ ನಡುವೆ ತೂಗುವ ತೂಗೇ ಅದರ ಜೀವ. ಒತ್ತಿದರೆ ಒಂದೇ ಸ್ವರ ನುಡಿಯುವ ಮನೆಗಳ ವಾದ್ಯಕ್ಕೆ ಇದು ಎಲ್ಲಿಂದ ಬಂದೀತು? ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ತನ್ನ ಬಾಗಿಲಿನಿಂದ ಹೊರಗಿಟ್ಟು 1971ರವರೆಗೆ ಒಳಗೆ ಬಿಡದಿದ್ದುದರ ಹಿಂದೆಯೂ ಈ ಆಕ್ಷೇಪವಿದ್ದಿತು.

ಕನ್ನಡ ಪಾಠ ಹೇಳುವ ನನಗೆ ವಿದ್ಯುತ್ತಿನ ಗಂಧ ಅಷ್ಟಕ್ಕಷ್ಟೆ. ಆದರೆ ಮಧ್ಯಸ್ಥಿಕೆ ವಹಿಸಿದ ಮೇಲೆ ವಿಷಯವನ್ನು ತಿಳಿಯದೆ ವಿಧಿಯಿರಲಿಲ್ಲ. ಆ ರಜೆಯೆಲ್ಲ ಛಂದಸ್ಸಿನ ಪುಸ್ತಕಗಳನ್ನು ಬದಿಗಿಟ್ಟು ಇದನ್ನೇ ಓದಿದೆ, ಅಳಿಯನೊಂದಿಗೆ ಅಂಗಡಿಗಳನ್ನು ಸುತ್ತಿದೆ. ಮನೆಯಲ್ಲಿ ಇಂಥದೇ ಹಂಬಲದ ಮಕ್ಕಳಿರುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಸಿಂಥಸೈಸರ್ ಎಂಬುದು ಇತರ ವಾದ್ಯಗಳ ದನಿಯನ್ನು ತುಂಬಿಟ್ಟ ಪೆಟ್ಟಿಗೆಯೆಂದು ನಾನು ತಿಳಿದಿದ್ದೆ. ಅಟ್ಟದ ಮೇಲಿರುವುದು ಅಂಥದು. ಒಂದು ಗುಂಡಿಗೆ ಪಿಟೀಲು, ಇನ್ನೊಂದಕ್ಕೆ ಕೊಳಲು. ನಿಜವಾದ ಸಿಂಥಸೈಸರ್ ನಾದವನ್ನು ಬುಡದಿಂದ ಕಟ್ಟುತ್ತದೆ. ಅಮೆರಿಕದ ಇಂಜಿನಿಯರ್ ರಾಬರ್ಟ್ ಮೂಗ್ 1964ರಲ್ಲಿ ಇದರ ಮಾದರಿಯನ್ನು ಲೋಕಕ್ಕೆ ತೋರಿಸಿದರು. ವಿದ್ಯುತ್ತಿನ ಒತ್ತಡ ಒಂದು ವೋಲ್ಟ್ ಏರಿದರೆ ಶ್ರುತಿ ಒಂದು ಸಪ್ತಕ ಏರಬೇಕೆಂಬುದು ಅವರ ಲೆಕ್ಕ. ಅಂದರೆ ಒಂದು ವೋಲ್ಟಿನ ಹನ್ನೆರಡನೆಯ ಒಂದು ಪಾಲಿಗೆ ಒಂದು ಸ್ವರಸ್ಥಾನ.

ಒಳಗಿನ ಕಟ್ಟೋಣವನ್ನು ವೀಣೆಯ ಹೋಲಿಕೆಯಿಂದಲೇ ಹೇಳಬಹುದು. ಆಸಿಲೇಟರ್ ಎಂಬ ಭಾಗ ತಂತಿಯಿದ್ದಂತೆ. ಅದು ಒಂದೇ ಸಮನೆ ಮಿಡಿಯುತ್ತ ಒರಟು ದನಿಯನ್ನು ಹೊರಡಿಸುತ್ತದೆ. ಗರಗಸದ ಹಲ್ಲಿನಾಕಾರದ ಅಲೆಯಾದರೆ ಮೂಲಸ್ವರದ ಎಲ್ಲ ಅನುಸ್ವರಗಳೂ ಅದರಲ್ಲಿರುತ್ತವೆ. ಚೌಕದ ಅಲೆಯಾದರೆ ಬೆಸಸಂಖ್ಯೆಯವು ಮಾತ್ರ. ಎರಡನೆಯದು ಫಿಲ್ಟರ್, ಅಂದರೆ ಜರಡಿ. ಬೇಡವಾದ ತಾರಾನಾದಗಳನ್ನು ಸೋಸಿ ದನಿಗೆ ಮೈಬಣ್ಣ ಕೊಡುವುದು ಇದರ ಕೆಲಸ. ವೀಣೆಯಲ್ಲಿ ಈ ಕೆಲಸವನ್ನು ಹಲಸಿನ ಮರದ ಕೊಡ ಮಾಡುತ್ತದೆ. ಮೂರನೆಯ ಭಾಗ ದನಿಯ ಏರಿಳಿತವನ್ನು ಆಳುತ್ತದೆ. ದನಿ ಎಷ್ಟು ಬೇಗ ಹುಟ್ಟಬೇಕು, ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಬೆರಳೆತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬುದಕ್ಕೆ ನಾಲ್ಕು ತಿರುಪುಗಳು. ಹುಟ್ಟು ತತ್‌ಕ್ಷಣ, ನಿಲುಗಡೆ ಇಲ್ಲವೇ ಇಲ್ಲ, ಇಳಿತ ನಿಧಾನ ಎಂದು ತಿರುಗಿಸಿದರೆ ವೀಣೆಯ ಮೀಟಿನ ಗುಣ ಬರುತ್ತದೆ. ಹುಟ್ಟು ಮೆಲ್ಲಗೆ, ನಿಲುಗಡೆ ಪೂರ್ಣ ಎಂದು ತಿರುಗಿಸಿದರೆ ಕೊಳಲಿನ ಉಸಿರು. ಈ ಮೂರು ಭಾಗಗಳನ್ನು ಅರಿತವನಿಗೆ ಉಳಿದ ನೂರು ತಿರುಪುಗಳು ಹೆದರಿಕೆ ಹುಟ್ಟಿಸುವುದಿಲ್ಲ.

ಈ ಯಂತ್ರ ನಮ್ಮ ದೇಶಕ್ಕೆ ಬಂದುದು ನಿನ್ನೆ ಮೊನ್ನೆಯಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಯಂತ್ರವೊಂದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿಯವರೂ ಇನ್ನು ಕೆಲವರೂ ಅದರಲ್ಲಿ ಮಾಡಿದ ರಚನೆಗಳ ಟೇಪುಗಳು ದಶಕಗಳ ಕಾಲ ಮೂಲೆಯಲ್ಲಿದ್ದು 2023ರಲ್ಲಿ ಪ್ರಕಟವಾದವು. ಆದರೆ ಅಕ್ಕನ ಪಂತಕ್ಕೆ ಹೆಚ್ಚು ಹತ್ತಿರದ ಕಥೆ ಮುಂಬಯಿಯ ಚರಣಜಿತ್ ಸಿಂಗರದು. ಹಿಂದಿ ಚಲನಚಿತ್ರಗಳ ಹಿನ್ನೆಲೆ ವಾದ್ಯಗಾರರಾಗಿದ್ದ ಇವರು 1982ರಲ್ಲಿ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದರು. ಭೂಪಾಲಿ, ಅಂದರೆ ನಮ್ಮ ಮೋಹನ, ಅದರಲ್ಲಿ ಒಂದು. ಅವರ ಯಂತ್ರಗಳಲ್ಲಿ ಟಿಬಿ-303 ಎಂಬುದು ಗಿಟಾರ್ ವಾದಕರಿಗೆ ಒತ್ತಾಸೆಯಾಗಿ ಮಂದ್ರಸ್ವರ ನುಡಿಸಲೆಂದು ಮಾಡಿದ ಪುಟ್ಟ ಪೆಟ್ಟಿಗೆ. ಆ ಕೆಲಸಕ್ಕೆ ಅದು ಯಾರಿಗೂ ಹಿಡಿಸಲಿಲ್ಲ. 1984ರ ವೇಳೆಗೆ ತಯಾರಿಕೆಯೇ ನಿಂತಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಏರ್ಪಾಡಿದ್ದಿತು. ಸಿಂಗರು ರಾಗದ ಜಾರುವಿಕೆಗೆ ಅದನ್ನು ಒಗ್ಗಿಸಿಕೊಂಡರು. ಆಗ ಯಾರೂ ಆ ತಟ್ಟೆಯನ್ನು ವಿಚಾರಿಸಲಿಲ್ಲ. ಚಿಕಾಗೋ ನಗರದ ಯುವಕರು ಅದೇ ಯಂತ್ರದಿಂದ 1987ರಲ್ಲಿ ಒಂದು ಹೊಸ ನೃತ್ಯಸಂಗೀತವನ್ನೇ ಹುಟ್ಟಿಸಿದರು. 2010ರಲ್ಲಿ ಸಿಂಗರ ತಟ್ಟೆ ಮರುಮುದ್ರಣಗೊಂಡಾಗ, ಐದು ವರ್ಷ ಮುಂಚೆಯೇ ಇದನ್ನು ಮಾಡಿದವರೊಬ್ಬರಿದ್ದರೇ ಎಂದು ಲೋಕ ಬೆರಗಾಯಿತು. ಅವರು 2015ರಲ್ಲಿ ತೀರಿಕೊಂಡರು. ಅವರು ಬಳಸಿದುದು ಅವರ ಕಾರ್ಯಕ್ಕೆಂದು ಮಾಡಿದ ಯಂತ್ರವಲ್ಲ, ಅದರಲ್ಲಿ ತಮಗೆ ಬೇಕಾದ ಒಂದು ಗುಣವನ್ನು ಕಂಡುಕೊಂಡರು ಅಷ್ಟೆ. ಕೊಳ್ಳುವವನ ಕಣ್ಣು ಹೀಗಿರಬೇಕೆಂದು ನನಗೆ ತೋರಿತು.

ಅಳಿಯನ ಕಣ್ಣು ಇನ್ನೂ ಹಾಗಿರಲಿಲ್ಲ. ಅವನು ಮೆಚ್ಚಿದುದು ಎಂಟು ಸ್ವರಗಳನ್ನು ಒಟ್ಟಿಗೆ ನುಡಿಸುವ, ಐದು ಸಪ್ತಕಗಳ, ಜಪಾನಿನಿಂದ ಬಂದ ಹಳೆಯ ಯಂತ್ರ. ಬೆಲೆ ಅವನ ಇಡೀ ಗಂಟು. ನಾನು ಎರಡು ಪ್ರಶ್ನೆ ಕೇಳಿದೆ. “ರಾಗ ನುಡಿಸುವವನಿಗೆ ಎಂಟು ಸ್ವರ ಏಕಕಾಲಕ್ಕೆ ಯಾಕಪ್ಪಾ?” ಪಾಶ್ಚಾತ್ಯರು ಸ್ವರಮೇಳವನ್ನು ಕಟ್ಟುತ್ತಾರೆ, ಅವರಿಗೆ ಅದು ಬೇಕು. ನಮ್ಮದು ಒಂದೇ ಎಳೆಯ ಸಂಗೀತ. ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುವ ಸಣ್ಣ ಯಂತ್ರ ನಮಗೆ ಸಾಕು, ಬೆಲೆಯೂ ಎಷ್ಟೋ ಕಡಮೆ. 1970ರ ಸುಪ್ರಸಿದ್ಧ ಮಿನಿಮೂಗ್ ಕೂಡ ಒಂದೇ ಸ್ವರದ ವಾದ್ಯವಾಗಿದ್ದಿತು.

ಎರಡನೆಯ ಪ್ರಶ್ನೆ: “ಇದರ ಬೆನ್ನ ಮೇಲೆ ಎಷ್ಟು ವೋಲ್ಟ್ ಎಂದು ಬರೆದಿದೆ, ನೋಡಿದೆಯಾ?” ನೋಡಿದರೆ 100. ಜಪಾನಿನ ಮನೆಗಳಲ್ಲಿ ಹರಿಯುವುದು ಅಷ್ಟೇ; ನಮ್ಮಲ್ಲಿ 230. ನನ್ನ ಗೆಳೆಯರೊಬ್ಬರು ಹೀಗೆ ತಂದ ಯಂತ್ರವನ್ನು ಆತುರದಲ್ಲಿ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಒಂದು ಸ್ವರವೂ ನುಡಿಯುವ ಮೊದಲೇ ಹೊಗೆ ಕಂಡರು. ಹಳೆಯದನ್ನು ಕೊಳ್ಳುವುದಾದರೆ ತಕ್ಕ ಟ್ರಾನ್ಸ್‌ಫಾರ್ಮರಿಗೂ ಹಣವಿರಲಿ, ರಿಪೇರಿ ಬಲ್ಲವರು ಊರಿನಲ್ಲಿರಲಿ. ಇಲ್ಲವಾದರೆ ಹಳೆಯದರ ಮೋಹ ಬೇಡ.

ಇನ್ನು ಗಾಂಧಾರಕ್ಕೆ ಬರೋಣ. ಇಲ್ಲಿ ತೊಡಕು ಒಂದಲ್ಲ, ಎರಡು. ಮೊದಲನೆಯದು ಸ್ವರಸ್ಥಾನದ್ದು. ಕೀಬೋರ್ಡುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಒಂದೊಂದು ಪಾಲನ್ನೂ ನೂರು ಅಂಶ ಮಾಡಿದರೆ ಅಂತರ ಗಾಂಧಾರ ಕೀಬೋರ್ಡಿನಲ್ಲಿ 400ನೆಯ ಅಂಶದಲ್ಲಿದೆ. ಆದರೆ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ 386ರಲ್ಲಿ. ಈ ಹದಿನಾಲ್ಕು ಅಂಶ ಕಿವಿಗೆ ಕಲ್ಲಿನಂತೆ ತಾಗುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಅಂಶವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಆದುದರಿಂದ ಸ್ವರಸ್ಥಾನಗಳನ್ನು ನಮಗೆ ಬೇಕಾದಂತೆ ತಿದ್ದಲು ಬರುವ ಯಂತ್ರವನ್ನೇ ಆರಿಸಬೇಕು. ಕೋರ್ಗ್ ಕಂಪನಿ ಹೊರತಂದ ಮೊನೊಲಾಗ್ ಎಂಬ ಒಂಟಿ ಸ್ವರದ ಸಣ್ಣ ಯಂತ್ರದಲ್ಲಿ ಇದಕ್ಕೆ ಅವಕಾಶವಿದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು; ಎಷ್ಟು ನೂರು ದನಿಗಳಿವೆಯೆಂಬುದಲ್ಲ.

ಎರಡನೆಯ ತೊಡಕು ಗಮಕದ್ದು. ಬಹುಪಾಲು ಯಂತ್ರಗಳ ಎಡಗಡೆ ಒಂದು ಚಕ್ರವೋ ಸಣ್ಣ ಹಿಡಿಯೋ ಇರುತ್ತದೆ. ಒತ್ತಿದ ಸ್ವರವನ್ನು ಅದು ಮೇಲಕ್ಕೂ ಕೆಳಕ್ಕೂ ಬಾಗಿಸುತ್ತದೆ. ಅದರ ಸಾಮಾನ್ಯ ವ್ಯಾಪ್ತಿ ಎರಡು ಸ್ವರಸ್ಥಾನ ಮೇಲೆ, ಎರಡು ಕೆಳಗೆ. ಲೆಕ್ಕ ಹಾಕಿ ನೋಡಿ: ತೋಡಿಯ ಸಾಧಾರಣ ಗಾಂಧಾರದಿಂದ ಎರಡು ಸ್ಥಾನ ಕೆಳಗಿಳಿದರೆ ಶುದ್ಧ ರಿಷಭ, ಎರಡು ಸ್ಥಾನ ಮೇಲೇರಿದರೆ ಶುದ್ಧ ಮಧ್ಯಮ! ಅಕ್ಕ ಕೇಳಿದ ತೂಗಿಗೆ ಅಳತೆ ಮಾಡಿ ಇಟ್ಟಂತಿದೆ. ಈ ಲೆಕ್ಕ ಹೊಳೆದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ.

ಒಂದು ಎಚ್ಚರಿಕೆ ಮಾತ್ರ. ಚಕ್ರವನ್ನು ತಿರುಗಿಸಿದರೆ ಆ ದಾರಿಯಲ್ಲಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. ಷಡ್ಜದ ಶ್ರುತಿಯನ್ನೂ ಅದೇ ದಾರಿಯಲ್ಲಿ ಹಿಡಿದಿದ್ದರೆ ತಂಬೂರಿಯೂ ಓಲಾಡೀತು! 1983ರಲ್ಲಿ ಬಂದ ಮಿಡಿ ಎಂಬ ಒಡಂಬಡಿಕೆ, ಒಂದು ಕಂಪನಿಯ ಯಂತ್ರ ಇನ್ನೊಂದರೊಡನೆ ಮಾತಾಡುವ ಭಾಷೆ, ಹದಿನಾರು ದಾರಿಗಳನ್ನು ಕೊಟ್ಟಿದೆ. ಶ್ರುತಿ ಒಂದರಲ್ಲಿ, ರಾಗ ಇನ್ನೊಂದರಲ್ಲಿ ಇರಬೇಕು. ಒಂದೊಂದು ಬೆರಳಿಗೂ ಬೇರೆ ದಾರಿ ಕೊಟ್ಟು ಬೆರಳನ್ನು ಅಲುಗಿಸಿಯೇ ಗಮಕ ತರುವ ಪದ್ಧತಿಗೂ 2018ರಲ್ಲಿ ಒಪ್ಪಿಗೆಯ ಮುದ್ರೆ ಬಿದ್ದಿತು. ಅಂಥ ವಾದ್ಯಗಳ ಬೆಲೆಯನ್ನು ಕೇಳಿ ನಾವು ಅಂಗಡಿಯಿಂದ ಗೌರವವಾಗಿ ಹೊರಬಂದೆವು.

ಹಣ ಸುರಿಯುವ ಮೊದಲು ಪರೀಕ್ಷಿಸಲು ಸುಲಭ ದಾರಿಯೊಂದಿದೆ. ಸರ್ಜ್ ಎಂಬ ಸಿಂಥಸೈಸರ್ ತಂತ್ರಾಂಶ 2018ರಿಂದ ಎಲ್ಲರಿಗೂ ಉಚಿತ. ಮನೆಯ ಕಂಪ್ಯೂಟರಿನಲ್ಲೇ ಅದು ನಡೆಯುತ್ತದೆ, ಸ್ವರಸ್ಥಾನಗಳನ್ನು ತಿದ್ದಲೂಬಹುದು. ಅಳಿಯ ಸ್ನೇಹಿತನಿಂದ ಚಕ್ರವಿರುವ ಒಂದು ಸಣ್ಣ ಕೀಬೋರ್ಡನ್ನು ಎರವಲು ತಂದು ಸಾಧನೆಗೆ ಕುಳಿತನು. ನಮ್ಮ ಅನುಭವದಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯ ಹೆಜ್ಜೆ. ಒಂದು ತಿಂಗಳು ಇದರಲ್ಲಿ ಬೇಸರಗೊಳ್ಳದವನಿಗೆ ಯಂತ್ರ ಕೊಡಿಸಬಹುದು. ಬೇಸರಗೊಂಡವನಿಗೆ ಕೊಡಿಸಿದರೆ ಅಟ್ಟದಲ್ಲಿ ಜಾಗವಿರಬೇಕು.

ಉಳಿದ ಸಲಕರಣೆಗಳಲ್ಲಿ ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಇಂಟರ್‌ಫೇಸ್ ಪೆಟ್ಟಿಗೆ ಮುಖ್ಯ. ಅದು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳನ್ನಾಗಿ ಮಾಡುತ್ತದೆ. ಆ ಅಂಕೆಗಳು ಕಟ್ಟುಕಟ್ಟಾಗಿ ಸಾಗುತ್ತವೆ. 256 ಅಂಕೆಗಳ ಕಟ್ಟಿಗೆ ಸುಮಾರು 6 ಮಿಲಿಸೆಕೆಂಡು ತಡ, ಎಂದರೆ ಶಬ್ದ ಎರಡು ಮೀಟರ್ ನಡೆಯುವ ಹೊತ್ತು. ಮೃದಂಗದವರು ಎರಡು ಮೀಟರ್ ದೂರ ಕುಳಿತರೆ ಯಾರೂ ತಾಳ ತಪ್ಪುವುದಿಲ್ಲ. ಕಟ್ಟು ಅದರ ಎಂಟರಷ್ಟಾದರೆ ಬೆರಳು ಒಂದು ಕಡೆ, ದನಿ ಇನ್ನೊಂದು ಕಡೆ. ನುಡಿಸುವಾಗ ಕಟ್ಟು ಚಿಕ್ಕದಿರಲಿ.

ಗುಂಯ್ ಎಂಬ ಸದ್ದು ನಮ್ಮ ಮನೆಗಳ ಪಿಡುಗು. ಅದು ಗೋಡೆಯ ವಿದ್ಯುತ್ತಿನ 50 ಆವರ್ತದ ಹಾಡು. ಅರ್ಥಿಂಗ್ ಸರಿಯಿಲ್ಲದಿರುವುದು, ಒಂದೊಂದು ಯಂತ್ರಕ್ಕೆ ಒಂದೊಂದು ಗೋಡೆಯ ಪ್ಲಗ್ಗು, ಇವು ಅದಕ್ಕೆ ಸಾಮಾನ್ಯ ಕಾರಣ. ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ನೋಡಿಸಿ, ಎಲ್ಲವನ್ನೂ ಒಂದೇ ಪಟ್ಟಿಯಿಂದ ನಡೆಸಬೇಕು. ಸದ್ದು ಹೋಗಲೆಂದು ಮೂರನೆಯ ಕಡ್ಡಿಯನ್ನು ಕಿತ್ತುಹಾಕುವ ಸಾಹಸ ಮಾಡಬಾರದು; ಪ್ರಾಣಕ್ಕೆ ಅಪಾಯ.

ಸ್ಪೀಕರಿನ ವಿಷಯದಲ್ಲಿ ಅವಸರ ಬೇಡ. ಹತ್ತಡಿ ಕೋಣೆಯ ಮೂಲೆಯಲ್ಲಿಟ್ಟರೆ ಮಂದ್ರಸ್ವರ ಊದಿಕೊಂಡು ಕೇಳಿಸಿ, ಬೆಲೆಬಾಳುವ ಸ್ಪೀಕರೂ ಸುಳ್ಳು ಹೇಳುತ್ತದೆ. ಪುಸ್ತಕದ ಕಪಾಟು, ಹಾಸಿಗೆ, ದಪ್ಪ ಪರದೆ ಇವು ಕೋಣೆಯ ಮಾರ್ದನಿಯನ್ನು ತಗ್ಗಿಸುತ್ತವೆ. (ನನ್ನ ಓದುವ ಕೋಣೆ ಈ ದೃಷ್ಟಿಯಿಂದ ಉತ್ತಮವೆಂದು ಅಳಿಯ ತೀರ್ಪಿತ್ತು, ಅಲ್ಲಿ ಬೀಡುಬಿಡುವ ಸೂಚನೆ ಕೊಟ್ಟಿದ್ದಾನೆ.) ಮೊದಲಿಗೆ ಒಳ್ಳೆಯ ಹೆಡ್‌ಫೋನ್ ಸಾಕು. ನೆರೆಹೊರೆಯವರೊಂದಿಗೆ ಸ್ನೇಹವೂ ಉಳಿಯುತ್ತದೆ.

ಮೂರು ವಾರದ ಮೇಲೆ ಪರೀಕ್ಷೆ. ಅಕ್ಕ ಎಂದಿನಂತೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಹಾಕಿದಳು. “ಅಮ್ಮಾ, ನಿನ್ನ ತಂಬೂರಿಯೂ ಸರ್ಕೀಟೇ ಅಲ್ಲವೇ?” ಎಂದನು ಅಳಿಯ. ನಿಜ, ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ, ಕೊಳಲನ್ನೂ ಬಲ್ಲ ಜಿ. ರಾಜ್‌ನಾರಾಯಣ್ ಅವರು ನಮ್ಮ ಬೆಂಗಳೂರಿನಲ್ಲಿಯೇ 1979ರಲ್ಲಿ ರೂಪಿಸಿದ ವಾದ್ಯದ ಸಂತತಿ ಅದು. ಅಕ್ಕ ಉತ್ತರ ಕೊಡಲಿಲ್ಲ.

ಅವನು ಗಾಂಧಾರವನ್ನು ಒತ್ತಿ ಚಕ್ರವನ್ನು ಅತ್ತಿತ್ತ ಆಡಿಸಿದನು. “ಇದು ಗಾಂಧಾರವಲ್ಲ ಕಣೋ, ಆಂಬುಲೆನ್ಸ್” ಎಂದಳು ಅಕ್ಕ. ತೂಗು ಸಮವಾಗಿದ್ದಿತು, ಅದೇ ತಪ್ಪು. ಅವಳು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಎಳೆದು ತೋರಿಸಿದಳು. ರಿಷಭದ ಬಳಿ ಒಂದು ಗಳಿಗೆ ತಡೆದು, ಮಧ್ಯಮವನ್ನು ಮುಟ್ಟಿಯೂ ಮುಟ್ಟದಂತೆ ಸವರಿ, ಮತ್ತೆ ಇಳಿಯುವಾಗ ಬೇರೆಯೇ ವೇಗ. ಅವನು ಚಕ್ರದ ಮೇಲೆ ಹೆಬ್ಬೆರಳಿಟ್ಟು ಹಿಂಬಾಲಿಸಿದನು. ಹತ್ತು ಸಲ, ಇಪ್ಪತ್ತು ಸಲ. ಕುಕ್ಕರಿನ ಕೂಗಿಗೆ ನಾನೇ ಎದ್ದು ಹೋಗಿ ಒಲೆ ಆರಿಸಬೇಕಾಯಿತು.

ಮರುವಾರ ಒಂಟಿ ಸ್ವರದ ಸಣ್ಣ ಯಂತ್ರ, ಇಂಟರ್‌ಫೇಸ್, ಹೆಡ್‌ಫೋನ್ ಮೂರೂ ಬಂದವು. ಗಂಟಿನಲ್ಲಿ ಉಳಿದುದರಲ್ಲಿ ವೀಣೆಗೆ ಮೇಣವೂ ಆಯಿತು. ನಿನ್ನೆ ಸಂಜೆ ಹೋಗಿದ್ದಾಗ ಬಾಗಿಲಲ್ಲೇ ಅಕ್ಕನ ದನಿ ಕೇಳಿಸಿತು: “ಮೇಲಕ್ಕೆ ಇನ್ನೊಂದು ಚೂರು ಹೋಗಬೇಕು. ಊಹೂಂ, ಅಷ್ಟಲ್ಲ. ಮತ್ತೆ ಹಿಡಿ.”