ಕೊಯ್ದ ಹೂವಿನ ಆಯುಷ್ಯ

ಹಲವು ವರ್ಷಗಳ ಹಿಂದಿನ ಮಾತು. ನಾನು ಅಧ್ಯಾಪಕನಾಗಿದ್ದ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆಂದು ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ತೋಟದಿಂದ ಒಂದು ಹೊರೆ ಗುಲಾಬಿಯನ್ನು ತಂದನು. ನಡುಹಗಲಿನಲ್ಲಿ ಕೊಯ್ದು, ಸೈಕಲ್ಲಿಗೆ ಕಟ್ಟಿಕೊಂಡು, ಬಿಸಿಲಿನಲ್ಲಿಯೇ ಎರಡು ಹರದಾರಿ ಬಂದಿದ್ದನು. ಹೂದಾನಿಗಳಲ್ಲಿ ನೀರು ತುಂಬಿ ಅವನ್ನು ವೇದಿಕೆಯ ಮೇಲೆ ಇರಿಸಿದೆವು. ಸಂಜೆ ಸಭೆ ಸೇರುವ ವೇಳೆಗೆ ಒಂದೊಂದು ಹೂವೂ ಕೊರಳು ಬಾಗಿಸಿ ನೆಲ ನೋಡುತ್ತಿತ್ತು.

"ನೀರಿನಲ್ಲಿಯೇ ಇದ್ದವಲ್ಲ ಸಾರ್, ಏಕೆ ಬಾಡಿದವು? ನಮ್ಮ ತಂದೆ ಪೇಟೆಗೆ ಒಯ್ಯುವ ಹೂವೂ ಹೀಗೆಯೇ ಆಗುತ್ತದೆ. ಆಮೇಲೆ ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ" ಎಂದನು ಹುಡುಗ. ನಮಗೆ ಹಾಳಾದದ್ದು ಒಂದು ಸಂಜೆಯ ಅಲಂಕಾರ. ಅವನ ಮನೆಯವರಿಗೆ ಹಾಳಾಗುತ್ತಿದ್ದುದು ತಿಂಗಳುಗಳ ದುಡಿಮೆ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ತಿಳಿದ ಸಂಗತಿಗಳೇ ಈ ಪಾಠದ ವಸ್ತು.

ಗಿಡದಿಂದ ಬೇರ್ಪಟ್ಟೊಡನೆ ಹೂವು ಸತ್ತಿತೆಂದು ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಕೊಯ್ದ ಹೂವು ಉಸಿರಾಡುತ್ತದೆ, ನೀರು ಕುಡಿಯುತ್ತದೆ, ಮೊಗ್ಗಾಗಿದ್ದರೆ ಅರಳುತ್ತದೆ. ಆದರೆ ನೀರನ್ನು ಒದಗಿಸುತ್ತಿದ್ದ ಬೇರು ಈಗ ಅದಕ್ಕಿಲ್ಲ. ಆಹಾರವನ್ನು ಸಿದ್ಧಪಡಿಸುತ್ತಿದ್ದ ಎಲೆಗಳಲ್ಲಿ ಬಹುಪಾಲು ಗಿಡದಲ್ಲಿಯೇ ಉಳಿದವು. ಬಾಯಾರಿಕೆ, ಹಸಿವು, ಬಿಸಿ ಮತ್ತು ಕಣ್ಣಿಗೆ ಕಾಣದ ಒಂದು ಅನಿಲ - ಈ ನಾಲ್ಕು ಅದರ ಶತ್ರುಗಳು.

ಮೊದಲನೆಯದು ಬಾಯಾರಿಕೆ. ಎಲೆಗಳಿಂದ ನೀರು ಆವಿಯಾಗಿ ಹೊರಹೋಗುತ್ತಿರುವವರೆಗೆ ಕಾಂಡದೊಳಗಿನ ಸೂಕ್ಷ್ಮ ನಾಳಗಳು ನೀರನ್ನು ಮೇಲಕ್ಕೆ ಸೆಳೆಯುತ್ತಿರುತ್ತವೆ. ಕಾಂಡವನ್ನು ಕತ್ತರಿಸಿ ಒಣಗಾಳಿಯಲ್ಲಿ ಬಿಟ್ಟರೆ ಆ ನಾಳಗಳು ನೀರಿಗೆ ಬದಲಾಗಿ ಗಾಳಿಯನ್ನು ಸೆಳೆದುಕೊಳ್ಳುತ್ತವೆ. ಆ ಗಾಳಿಯ ಗುಳ್ಳೆ ದಾರಿಗೆ ಅಡ್ಡವಾಗಿ ನಿಲ್ಲುತ್ತದೆ. ಇದಲ್ಲದೆ, ಹೂದಾನಿಯ ನೀರಿನಲ್ಲಿ ಮುಳುಗಿದ ಎಲೆಗಳು ಕೊಳೆತು ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಅವು ನಾಳಗಳ ಬಾಯನ್ನೇ ಮುಚ್ಚಿಬಿಡುತ್ತವೆ. ಹೀಗೆ ನೀರಿನ ನಡುವೆ ನಿಂತಿದ್ದರೂ ಹೂವು ನೀರಿಲ್ಲದೆ ಬಾಡುತ್ತದೆ. ನಮ್ಮ ಗುಲಾಬಿಗಳ ಕೊರಳು ಬಾಗಿದ್ದು ಈ ಬಾಯಾರಿಕೆಯಿಂದಲೇ.

ಎರಡನೆಯದು ಹಸಿವು. ದಳಗಳನ್ನು ಬಿಚ್ಚಲು, ಬಣ್ಣವನ್ನು ಉಳಿಸಿಕೊಳ್ಳಲು ಹೂವಿಗೆ ಸಕ್ಕರೆ ಬೇಕು. ಆದುದರಿಂದ ಹೂವಿನ ವ್ಯಾಪಾರಿಗಳು ಸಿದ್ಧಪಡಿಸುವ ದ್ರಾವಣದಲ್ಲಿ ಸಾಮಾನ್ಯವಾಗಿ ಲೀಟರು ನೀರಿಗೆ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ಆದರೆ ಸಕ್ಕರೆಯನ್ನು ಮಾತ್ರ ಬೆರೆಸಿದರೆ ಅದು ಹೂವಿಗಿಂತ ಮೊದಲು ಬ್ಯಾಕ್ಟೀರಿಯಗಳಿಗೆ ಔತಣವಾಗುತ್ತದೆ. ಅದಕ್ಕಾಗಿ ಸೂಕ್ಷ್ಮಜೀವಿಗಳನ್ನು ತಡೆಯುವ ಔಷಧವನ್ನೂ, ನೀರನ್ನು ಆಮ್ಲೀಯಗೊಳಿಸುವ ಸಿಟ್ರಿಕ್ ಆಮ್ಲದಂತಹ ವಸ್ತುವನ್ನೂ ಜೊತೆಗೆ ಸೇರಿಸುತ್ತಾರೆ.

ಮೂರನೆಯದು ಬಿಸಿ. ಬಿಸಿ ಏರಿದಂತೆ ಹೂವಿನ ಉಸಿರಾಟ ಚುರುಕಾಗಿ, ಕೂಡಿಟ್ಟ ಸಕ್ಕರೆ ಬೇಗ ತೀರಿಹೋಗುತ್ತದೆ. ಆದಕಾರಣ ಗುಲಾಬಿಯನ್ನು ಕೊಯ್ದೊಡನೆ ಶೀತಲಗೃಹಕ್ಕೆ ಸೇರಿಸುವುದು ವಾಡಿಕೆ. ಎಲ್ಲ ಹೂಗಳಿಗೂ ಒಂದೇ ಅಳತೆ ಸಲ್ಲದು. ಕೊಡಗಿನಲ್ಲಿ ಬೆಳೆಯುವ ಆಂಥೂರಿಯಂ ಉಷ್ಣವಲಯದ ಹೂವು. ಗುಲಾಬಿಗೆ ಹಿತವಾದ ಚಳಿಯಲ್ಲಿ ಅದು ಕಪ್ಪಿಟ್ಟು ಕೆಡುತ್ತದೆ.

ನಾಲ್ಕನೆಯ ಶತ್ರುವಿನ ಪತ್ತೆ ವಿಜ್ಞಾನದ ಇತಿಹಾಸದಲ್ಲಿ ಒಂದು ರೋಚಕ ಪ್ರಸಂಗ. ಅಮೆರಿಕದ ಷಿಕಾಗೊ ನಗರದಲ್ಲಿ ಕಾರ್ನೇಷನ್ ಹೂಗಳು ಇದ್ದಕ್ಕಿದ್ದಂತೆ ದಳ ಮುದುಡಿ 'ನಿದ್ದೆ' ಹೋಗುತ್ತಿದ್ದವು; ಬೆಳೆಗಾರರಿಗೆ ಬಹಳ ನಷ್ಟವಾಗುತ್ತಿತ್ತು. ದೀಪ ಉರಿಸಲು ಬಳಸುತ್ತಿದ್ದ ಅನಿಲದ ಸೋರಿಕೆ ಇದಕ್ಕೆ ಕಾರಣವೆಂದೂ, ಆ ಅನಿಲದಲ್ಲಿದ್ದ ಎಥಿಲೀನ್ ಮುಖ್ಯ ಅಪರಾಧಿಯೆಂದೂ ಕ್ರಾಕರ್ ಮತ್ತು ನೈಟ್ ಎಂಬ ವಿಜ್ಞಾನಿಗಳು 1908ರಲ್ಲಿ ತೋರಿಸಿದರು. ಇಪ್ಪತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಎಥಿಲೀನ್ ಇದ್ದರೂ ಸಾಕು, 12 ಗಂಟೆಗಳಲ್ಲಿ ಅರಳಿದ ಹೂವು ಮುಚ್ಚಿಕೊಳ್ಳುತ್ತಿತ್ತು! ಮಾಗುವ ಹಣ್ಣು ತಾನೇ ಈ ಅನಿಲವನ್ನು ಹೊರಬಿಡುತ್ತದೆಂದು ಇಂಗ್ಲೆಂಡಿನ ಗೇನ್ ಎಂಬ ವಿಜ್ಞಾನಿ 1934ರಲ್ಲಿ ಸಿದ್ಧಪಡಿಸಿದನು. ಬಾಳೆಹಣ್ಣಿನ ತಟ್ಟೆಯ ಪಕ್ಕದಲ್ಲಿ ಹೂದಾನಿಯನ್ನು ಇಡಬಾರದೆಂಬ ಎಚ್ಚರಿಕೆಯ ಹಿನ್ನೆಲೆ ಇದು. ಬಾಡಿದ ಹೂಗಳಿಂದಲೂ ಎಥಿಲೀನ್ ಹೊರಡುವುದರಿಂದ ಅವನ್ನು ಕೂಡಲೇ ಆಯ್ದು ತೆಗೆಯಬೇಕು.

ಶತ್ರುವನ್ನು ಅರಿತ ಮೇಲೆ ರಕ್ಷಣೆ ಕಷ್ಟವಲ್ಲ. ಹೂವನ್ನು ತಂಪು ಹೊತ್ತಿನಲ್ಲಿ ಕೊಯ್ಯಬೇಕು. ಮುಂಜಾನೆ ಕಾಂಡದಲ್ಲಿ ನೀರು ತುಂಬಿರುತ್ತದೆ. ಸಂಜೆ ಸಕ್ಕರೆಯ ಸಂಗ್ರಹ ಹೆಚ್ಚಿರುತ್ತದೆ. ನಡುಹಗಲು ಮಾತ್ರ ವರ್ಜ್ಯ. ಕೊಯ್ಯುವ ಹದವೂ ಮುಖ್ಯ. ಗುಲಾಬಿಯನ್ನು ಬಿಗಿಮೊಗ್ಗು ಸಡಿಲುವ ಹೊತ್ತಿಗೆ ಕೊಯ್ಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ರೂಪಿಸಿದ 'ಸುವಾಸಿನಿ', 'ವೈಭವ್' ಮುಂತಾದ ಸುಗಂಧರಾಜ ತಳಿಗಳಲ್ಲಿ ಕಡ್ಡಿಯ ಬುಡದ ಒಂದೆರಡು ಜೊತೆ ಹೂ ಅರಳಿದಾಗ ಕಡ್ಡಿಯನ್ನು ಕತ್ತರಿಸಬೇಕು. ಕತ್ತರಿ ಹರಿತವಾಗಿರಬೇಕು, ನೀರು ತುಂಬಿದ ಶುದ್ಧವಾದ ಬಕೆಟ್ಟು ತೋಟದಲ್ಲಿಯೇ ಸಿದ್ಧವಿರಬೇಕು.

ಮನೆಯಲ್ಲಿಯೂ ಈ ನಿಯಮಗಳೇ. ಕಾಂಡದ ತುದಿಯನ್ನು ನೀರಿನೊಳಗೆ ಹಿಡಿದು, ಒಂದು ಅಂಗುಲದಷ್ಟನ್ನು ಓರೆಯಾಗಿ ಕತ್ತರಿಸಿರಿ. ಗಾಳಿಯ ಗುಳ್ಳೆ ನೀಗುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಹಾಕಿರಿ. ಹೂದಾನಿಯನ್ನು ಚೆನ್ನಾಗಿ ತೊಳೆದು, ನೀರನ್ನು ದಿನವೂ ಬದಲಿಸಿರಿ. ಬಿಸಿಲಿನಿಂದಲೂ ಫ್ಯಾನಿನ ಗಾಳಿಯಿಂದಲೂ ದೂರವಿಡಿರಿ. ಯಾವ ಔಷಧವೂ ಇಲ್ಲದೆ ಇಷ್ಟರಿಂದಲೇ ಹೂವಿನ ಬಾಳಿಕೆ ಎಷ್ಟೋ ಹೆಚ್ಚುತ್ತದೆ.

ಮರುವರ್ಷದ ವಾರ್ಷಿಕೋತ್ಸವಕ್ಕೆ ಅದೇ ಹುಡುಗನು ಅದೇ ತೋಟದಿಂದ ಗುಲಾಬಿ ತಂದನು. ಈ ಸಲ ನಸುಕಿನಲ್ಲಿ ಕೊಯ್ದು, ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆಯ ನೆರಳು ಮಾಡಿಕೊಂಡು ಬಂದಿದ್ದನು. ಸಭೆ ಮುಗಿದು ನಾಲ್ಕು ದಿನ ಕಳೆದರೂ ಅವು ನಮ್ಮ ತರಗತಿಯ ಮೇಜಿನ ಮೇಲೆ ತಲೆಯೆತ್ತಿ ನಿಂತಿದ್ದವು. ಅವನ ತಂದೆಯೂ ಈಗ ಬೆಳಕು ಹರಿಯುವ ಮುನ್ನವೇ ತೋಟಕ್ಕೆ ಇಳಿಯುತ್ತಿದ್ದಾರೆಂದು ಹುಡುಗನು ಹೇಳಿದನು.

ಅರಳಿದ ಹೂವು ಎಂದಾದರೊಂದು ದಿನ ಬಾಡಲೇಬೇಕು. ಅದು ಪ್ರಕೃತಿಯ ನಿಯಮ. ಆದರೆ ನಮ್ಮ ಅಲಕ್ಷ್ಯದಿಂದ ಅದು ಅಕಾಲದಲ್ಲಿ ಬಾಡಬಾರದು. ಬೆಳೆದವನ ಬೆವರಿಗೆ ಅಷ್ಟಾದರೂ ಗೌರವವನ್ನು ನಾವು ಸಲ್ಲಿಸಬೇಕು.