ದಾಟೂದು ಹ್ಯಾಂಗ್ರಿ ಈ ರಸ್ತೆ?
ಬಿಳಿಪಟ್ಟಿ ಬಳಿದರೆ ಸಾಲದು, ಗಾಡಿಯೂ ನಿಲ್ಲಬೇಕು

ಬೆಳಿಗ್ಗೆ ಒಂಬತ್ತೂವರೆ. ಈ ಬದಿಗೆ ಮನೆ, ಆ ಬದಿಗೆ ಸಾಲಿ. ನಡುವೆ ರಸ್ತೆ. ಪಾಟಿಚೀಲ ಹೊತ್ತ ಮೊಮ್ಮಗಳ ಕೈ ಹಿಡಿದು ಮುದುಕಿಯೊಬ್ಬಳು ಒಂದು ಹೆಜ್ಜೆ ಮುಂದಿಡುತ್ತಾಳೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಬಸ್ಸು ಹೋಯಿತು, ಟೆಂಪೋ ಬಂತು. ಟೆಂಪೋ ಹೋಯಿತು, ನಾಲ್ಕು ಮೋಟಾರ್ ಸೈಕಲ್ ಬಂದವು. ಸಾಲಿ ಗಂಟೆ ಹೊಡೆದರೂ ಇಬ್ಬರೂ ಈಚೆಯೇ!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿನ ಬಸ್ಸಿಗೆ ಹೋಗುವವರನ್ನು ಕೇಳಿದರೂ ಈ ಚಿತ್ರ ಹೊಸದಲ್ಲ. ಊರು ಬೆಳೆಯಿತು, ರಸ್ತೆಯ ಎರಡೂ ಬದಿಗೆ ಮನೆ ಎದ್ದವು. ರಸ್ತೆ ಅಗಲವಾಯಿತು. ದಾಟುವವನ ಕಾಲು ಮಾತ್ರ ಅಷ್ಟೇ ಉದ್ದ ಉಳಿಯಿತು.

ಲೆಕ್ಕ ಸರಳ. ನಾಲ್ಕು ಸಾಲಿನ ರಸ್ತೆ ಸುಮಾರು 14 ಮೀಟರ್ ಅಗಲ. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟಲು 14 ಸೆಕೆಂಡು ಬೇಕು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ ಹತ್ತಿರಹತ್ತಿರ 200 ಮೀಟರ್ ಓಡಿಬರುತ್ತದೆ. ‘ಇನ್ನೂ ದೂರ ಐತಿ’ ಅಂದುಕೊಂಡ ಗಾಡಿ ನಡುರಸ್ತೆಯಲ್ಲಿ ಎದುರಿಗೆ ನಿಂತಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಪೆಟ್ಟಿಗೂ 50ರ ಪೆಟ್ಟಿಗೂ ಸುಮಾರು ಮೂರು ಪಟ್ಟು ವ್ಯತ್ಯಾಸ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಐವರಲ್ಲಿ ಒಬ್ಬರಂತೆ ಅವರಲ್ಲಿ 32,825 ಮಂದಿ ಪಾದಚಾರಿಗಳು.

ಕಬ್ಬಿನ ಹಂಗಾಮಿನ ಕಥೆ

ನಮ್ಮ ಭಾಗದ ತಾಪತ್ರಯ ಬೇರೆಯೇ. ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದರೆ ರಸ್ತೆಯೆಲ್ಲ ಕಬ್ಬಿನ ಟ್ರ್ಯಾಕ್ಟರ್‌ಗಳದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಇಂಜಿನ್ ದಾಟಿತೆಂದು ಹುಡುಗ ಕಾಲಿಟ್ಟರೆ ಹಿಂದಿನ ಟ್ರೇಲರ್ ಇನ್ನೂ ಬರುತ್ತಲೇ ಇರುತ್ತದೆ. ಅಷ್ಟು ಭಾರ ಹೊತ್ತದ್ದು ಬ್ರೇಕ್ ಒತ್ತಿದಲ್ಲೇ ನಿಲ್ಲುವುದಿಲ್ಲ. ರಾತ್ರಿ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿದೆ ಎಂದರೆ ದೇವರೇ ಗತಿ!

ಹಾಗಾದರೆ ಮಾಡುವುದೇನು?

ಮೊದಲನೆಯದು ವೇಗ ಇಳಿಸುವುದು. ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ 1951ರಲ್ಲಿ ಜೀಬ್ರಾ ಪಟ್ಟಿ ಬಂದಾಗ ಅದರ ಅರ್ಥ ಒಂದೇ: ಮನುಷ್ಯ ಪಟ್ಟಿಯ ಮೇಲೆ ಕಾಲಿಟ್ಟರೆ ಗಾಡಿ ನಿಲ್ಲಬೇಕು. ನಮ್ಮಲ್ಲೂ 2017ರ ವಾಹನ ಚಾಲನಾ ನಿಯಮಗಳು ಇದನ್ನೇ ಹೇಳುತ್ತವೆ. ಆದರೆ ಬಣ್ಣ ಕಂಡು ನಿಲ್ಲುವ ಚಾಲಕರು ಎಷ್ಟು ಜನ? ಆದ್ದರಿಂದ ಪಟ್ಟಿಯ ಮುಂಚೆ ಹಂಪ್ ಬೇಕು. ಅದೂ ಮನಸ್ಸಿಗೆ ಬಂದಂತೆ ಸುರಿದ ಡಾಂಬರು ದಿಬ್ಬವಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಾಡಿ ಗಂಟೆಗೆ 25 ಕಿ.ಮೀ.ಯಲ್ಲಿ ಸಲೀಸಾಗಿ ದಾಟುವಂಥದ್ದು. ಮುಂಚೆಯೇ ಫಲಕ, ಮೇಲೆ ಬಣ್ಣ, ರಾತ್ರಿ ದೀಪ. ಇಲ್ಲದಿದ್ದರೆ ಬೈಕಿನವನ ಸೊಂಟ ಮುರಿಯುತ್ತದೆ, ಬಸುರಿ ಹೆಂಗಸಿನ ಜೀವ ಬಾಯಿಗೆ ಬರುತ್ತದೆ.

ಎರಡನೆಯದು ನಡುಗಟ್ಟೆ. ರಸ್ತೆ ಮಧ್ಯೆ ನಿಲ್ಲಲು ಜಾಗವಿದ್ದರೆ ಒಮ್ಮೆಗೆ ಒಂದೇ ಕಡೆ ನೋಡಿ ಅರ್ಧ ದಾಟಬಹುದು. ಮೂರನೆಯದು ಬಸ್ ನಿಲುಗಡೆ. ಬಸ್ಸು ಜೀಬ್ರಾ ಪಟ್ಟಿ ದಾಟಿ ಮುಂದೆ ಹೋಗಿ ನಿಲ್ಲಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಬರುವ ಗಾಡಿ ಅವರ ಕಣ್ಣಿಗೆ ಬೀಳುತ್ತದೆ.

ಅಂಗಡಿಯವರೂ ಸ್ವಲ್ಪ ಕೇಳ್ರಿ

ದೋಷ ಎಲ್ಲಾ ಸರಕಾರದ್ದೇ ಅಲ್ಲ. ಫುಟ್‌ಪಾತ್ ಮೇಲೆ ಚೀಲ, ಡಬ್ಬ, ಬೋರ್ಡು. ಅದರ ಮುಂದೆ ಗಿರಾಕಿಯ ಬೈಕು. ಕಾಲುದಾರಿ ಮುಚ್ಚಿದ ಮೇಲೆ ಜನ ರಸ್ತೆಗಿಳಿಯದೆ ಎಲ್ಲಿ ಹೋಗಬೇಕು? ನಡೆಯುವವರಿಗೆಂದು ಚಪ್ಪಲಿ ಹೊಲಿದು ಹೆಸರಾದ ಅಥಣಿ ಸೀಮೆಯಲ್ಲೇ ನಡೆಯಲು ಜಾಗವಿಲ್ಲದಿದ್ದರೆ ಹೇಗೆ? ಅಡೆತಡೆಯಿಲ್ಲದ ಫುಟ್‌ಪಾತ್ ನಾಗರಿಕರ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಇನ್ನೊಂದು ಮಾತು: ಆಚೆ ಬದಿಯ ಗಿರಾಕಿಗೆ ದಾಟಲು ಧೈರ್ಯವಿದ್ದರೆ ತಾನೇ ಈಚೆ ವ್ಯಾಪಾರ?

ಅರ್ಜಿ ಒಯ್ದರೆ ಪುರಸಭೆ ಲೋಕೋಪಯೋಗಿ ಇಲಾಖೆಯತ್ತ ಬೆರಳು ತೋರಿಸುತ್ತದೆ, ಇಲಾಖೆ ಹೆದ್ದಾರಿಯವರತ್ತ. ಅದಕ್ಕೇ ಅರ್ಜಿಯ ಒಂದು ಪ್ರತಿ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಹೋಗಲಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 198ಎ ಕಲಮು ನೆನಪಿರಲಿ. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿ, ಅದರಿಂದ ಸಾವು ಇಲ್ಲವೆ ಅಂಗವೈಕಲ್ಯ ಆದರೆ ಹೊಣೆಗಾರ ಅಧಿಕಾರಿಗೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಉಂಟು.

1981ರ ಮಾರ್ಚ್–ಏಪ್ರಿಲ್‌ನಲ್ಲಿ ನಿಪ್ಪಾಣಿಯ ತಂಬಾಕು ರೈತರು ಯೋಗ್ಯ ದರಕ್ಕಾಗಿ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ತಡೆದು ಕೂತಿದ್ದರು. ಇಂದು ಮುದುಕಿ ಕೇಳುತ್ತಿರುವುದು ದಿನಗಟ್ಟಲೆ ತಡೆಯನ್ನಲ್ಲ, ಹದಿನಾಲ್ಕೇ ಸೆಕೆಂಡು. ಒಂದು ಜೀವ ಹೋದ ಮರುದಿನ ಹಂಪ್ ಹಾಕುವ ಬದಲು ಮುಂಚಿನ ದಿನವೇ ಹಾಕಬಾರದೆ? ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?