ಅದು ಪ್ರೇಮಿಗೆ ಬರೆದ ಹಾಡಲ್ಲ!

‘ಐ ವಿಲ್ ಆಲ್ವೇಸ್ ಲವ್ ಯೂ’ ಅಂದಕೂಡಲೇ ನೆನಪಾಗೋದು ವಿಟ್ನಿ ಹ್ಯೂಸ್ಟನ್. 1992ರ ‘ದಿ ಬಾಡಿಗಾರ್ಡ್’ ಸಿನಿಮಾ ನೋಡದವರೂ ಈ ಹಾಡು ಕೇಳಿರುತ್ತಾರೆ. ಮದುವೆಗಳಲ್ಲೂ ಇದನ್ನು ಹಾಕೋರಿದ್ದಾರೆ. ಆದರೆ ಇದು ಕೂಡುವ ಹಾಡಲ್ಲ, ಅಗಲುವ ಹಾಡು. ಅದೂ ಪ್ರೇಮಿಯನ್ನಲ್ಲ, ಕೈಹಿಡಿದು ಬೆಳೆಸಿದ ಹಿರಿಯ ಗಾಯಕನನ್ನು!

ಇದನ್ನು ಬರೆದವರು ಡಾಲಿ ಪಾರ್ಟನ್. ಅಮೆರಿಕದ ಟೆನೆಸ್ಸಿಯ ಬಡ ಕುಟುಂಬ, ಮನೆತುಂಬ ಹನ್ನೆರಡು ಮಕ್ಕಳು. 1967ರಲ್ಲಿ ಕಂಟ್ರಿ ಸಂಗೀತದ ಜನಪ್ರಿಯ ಗಾಯಕ ಪೋರ್ಟರ್ ವ್ಯಾಗನರ್ ತಮ್ಮ ಟಿ.ವಿ. ಕಾರ್ಯಕ್ರಮಕ್ಕೆ ಡಾಲಿಯನ್ನು ಸೇರಿಸಿಕೊಂಡರು. ಇಬ್ಬರ ಜೋಡಿ ಮನೆಮಾತಾಯಿತು. ಕೆಲವು ವರ್ಷ ಕಳೆದ ಮೇಲೆ ಡಾಲಿಗೆ ಸ್ವಂತ ದಾರಿ ಹಿಡಿಯುವ ಆಸೆ. ಪೋರ್ಟರ್‌ಗೆ ಬಿಟ್ಟುಕೊಡಲು ಮನಸ್ಸಿಲ್ಲ. ದಿನಾ ವಾದ, ದಿನಾ ಮುನಿಸು.

ಮಾತಿನಲ್ಲಿ ಹೇಳಿದರೆ ಕೇಳೋದಿಲ್ಲ ಅಂತ ಗೊತ್ತಾದಾಗ, 1973ರಲ್ಲಿ ಡಾಲಿ ಮನೆಗೆ ಹೋಗಿ ಈ ಹಾಡು ಬರೆದರು. ಮರುದಿನ ಪೋರ್ಟರ್ ಎದುರು ಕೂತು ಹಾಡಿದರು. ಅವರ ಕಣ್ಣಲ್ಲಿ ನೀರು ಬಂತು. ‘ಹೋಗು, ಆದರೆ ಈ ಹಾಡಿನ ರೆಕಾರ್ಡಿಂಗ್ ನಾನೇ ಮಾಡಿಸ್ತೀನಿ’ ಅಂದರು ಅಂತ ಡಾಲಿ ಹಲವು ಸಲ ಹೇಳಿಕೊಂಡಿದ್ದಾರೆ. 1974ರಲ್ಲಿ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಎಲ್ವಿಸ್‌ಗೂ ಇಲ್ಲ ಅಂದರು

ಎಲ್ವಿಸ್ ಪ್ರೀಸ್ಲಿಗೆ ಈ ಹಾಡು ಹಾಡುವ ಆಸೆಯಿತ್ತು. ಡಾಲಿಗೂ ಹಿಗ್ಗೋ ಹಿಗ್ಗು. ಆದರೆ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಡಾಲಿ ಒಪ್ಪಲಿಲ್ಲ. ಆ ರಾತ್ರಿಯೆಲ್ಲ ಅತ್ತರಂತೆ. ಎಲ್ವಿಸ್ ಬಾಯಲ್ಲಿ ತನ್ನ ಹಾಡು ಕೇಳುವ ಅವಕಾಶ ಯಾರಿಗೆ ಬೇಡ ಹೇಳಿ? ಆದರೂ ಗಟ್ಟಿಯಾಗಿ ನಿಂತರು.

ಅದರ ಬೆಲೆ ತಿಳಿದದ್ದು ಸುಮಾರು ಎರಡು ದಶಕದ ನಂತರ. ‘ದಿ ಬಾಡಿಗಾರ್ಡ್’ಗೆ ಮೊದಲು ಆರಿಸಿದ್ದ ಹಾಡು ಬೇರೊಂದು ಸಿನಿಮಾದಲ್ಲಿ ಬಂದುಬಿಟ್ಟಿತು. ನಾಯಕ ಕೆವಿನ್ ಕಾಸ್ಟ್ನರ್ ಡಾಲಿಯ ಹಾಡು ಸೂಚಿಸಿದರು. ಶುರುವಿನಲ್ಲಿ ವಾದ್ಯಗಳೇ ಬೇಡ, ವಿಟ್ನಿಯ ದನಿಯೊಂದೇ ಇರಲಿ ಅಂತ ಪಟ್ಟು ಹಿಡಿದರು. ಇವತ್ತಿಗೂ ಮೈ ಜುಮ್ಮೆನಿಸುವುದು ಆ ಒಂಟಿ ದನಿಯೇ. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 14 ವಾರ ನಿಂತಿತು. ಹಕ್ಕು ಪೂರ್ತಿ ಕೈಯಲ್ಲಿದ್ದ ಡಾಲಿಗೆ ಹಣದ ಹೊಳೆಯೇ ಹರಿಯಿತು.

ಬೀಳ್ಕೊಡುಗೆ

ಹಾಡು ಹೇಳಿದಷ್ಟು ಸಲೀಸಾಗಿ ಆ ಸಂಬಂಧ ಮುಗಿಯಲಿಲ್ಲ. 1979ರಲ್ಲಿ ಪೋರ್ಟರ್, ಡಾಲಿ ಮೇಲೆ 30 ಲಕ್ಷ ಡಾಲರ್ ಕೇಳಿ ಮೊಕದ್ದಮೆ ಹೂಡಿದರು. ಕೊನೆಗೆ ರಾಜಿಯಾಯಿತು. ಕಹಿಯೂ ನಿಧಾನಕ್ಕೆ ಕರಗಿತು. 2007ರಲ್ಲಿ ಪೋರ್ಟರ್ ತೀರಿಕೊಳ್ಳುವ ಮುನ್ನ ಡಾಲಿ ಅವರ ಹಾಸಿಗೆ ಪಕ್ಕ ಇದ್ದರು.

2012ರ ಫೆಬ್ರುವರಿಯಲ್ಲಿ ವಿಟ್ನಿ 48ನೇ ವಯಸ್ಸಿಗೇ ಹೋಗಿಬಿಟ್ಟರು. ನ್ಯೂಅರ್ಕ್‌ನ ಚರ್ಚಿನಿಂದ ಶವಪೆಟ್ಟಿಗೆ ಹೊರಗೆ ತರುವಾಗ ಕೇಳಿಸಿದ್ದು ಅವರದೇ ದನಿಯ ಈ ಹಾಡು.

ಬಿಟ್ಟು ಹೋಗೋದು ಅಂದರೆ ನಾವು ಸಾಮಾನ್ಯವಾಗಿ ಜಗಳವಾಡಿ ಹೋಗ್ತೀವಿ, ಇಲ್ಲವೇ ಹೇಳದೇ ಹೋಗ್ತೀವಿ. ‘ನಿಮ್ಮ ಋಣ ಮರೆಯಲಾರೆ, ಆದರೂ ಹೊರಟೆ’ ಅನ್ನೋದು ಎಲ್ಲಕ್ಕಿಂತ ಕಷ್ಟ. ಈ ಹಾಡು ಹೇಳೋದು ಅದನ್ನೇ.